ಬೆಕ್ಕಿಗೆ ಕೊಟ್ಟ ಮೀನು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೇಸ್ತ್ರಿಯೊಬ್ಬರಿಗೆ ನಾನು ಅಡುಗೆ ಮಾಡಿ ಬುತ್ತಿ ಒಯ್ಯುತ್ತಿದ್ದೆನು. ಬೆಳಗಿನ ಸೈರನ್ ಕೂಗಿದ ಮೇಲೆ ಕಾರ್ಖಾನೆಯ ಬಾಗಿಲಲ್ಲಿ ಬುತ್ತಿ ತೆಗೆದುಕೊಳ್ಳುತ್ತಿರಲಿಲ್ಲ. ಒಮ್ಮೆ ತಡವಾಗಿ ಅವರು ಉಪವಾಸವಿದ್ದರು. ಇನ್ನೊಮ್ಮೆ ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಹೇಳಿದ್ದರು.

ಪುಷ್ಯ ಮಾಸದ ಒಂದು ಬೆಳಿಗ್ಗೆ ಹೊಳೆಯಂಚಿನ ಕಾಲುದಾರಿಯಲ್ಲಿ ಮಂಜು ಕರಗಿರಲಿಲ್ಲ. ಬಲೆ ಬಿಟ್ಟು ಕುಳಿತಿದ್ದ ಅಪರಿಚಿತ ಮುದುಕರೊಬ್ಬರು ಕೈ ಅಡ್ಡ ಹಿಡಿದರು.

"ನಿಲ್ಲು ತಾಯಿ. ಕಾಡುಬೆಕ್ಕು ಮೀನಿಗೆ ಕೂತಿದೆ. ಹಸಿದಿದೆ, ಎಬ್ಬಿಸಬೇಡ."

ದಾರಿಯ ಮೇಲೆಯೇ, ನೀರಿನತ್ತ ಬಾಗಿ, ಅದು ಕಲ್ಲಿನಂತೆ ಕುಳಿತಿತ್ತು. ಪರಪುರುಷರೊಡನೆ ಮಾತನಾಡಲು ನನಗೆ ನಾಚಿಕೆ; ಸೈರನ್ನಿನ ಭಯ ಅದಕ್ಕಿಂತ ಹೆಚ್ಚು. ಬೆಕ್ಕು ಪಂಜ ಬೀಸಿತು, ಮೀನು ತಪ್ಪಿತು. ಮತ್ತೆ ಬೀಸಿತು, ಮತ್ತೆ ತಪ್ಪಿತು.

"ಇನ್ನೆಷ್ಟು ಹೊತ್ತು, ಅಜ್ಜ?" ಎಂದು ಕೇಳಿಯೇಬಿಟ್ಟೆನು.

"ನಸುಕಿನಿಂದ ಕೂತಿದೀನಿ ಮಾರಾಯ್ತಿ, ನನಗೇ ಒಂದೂ ಸಿಕ್ಕಿಲ್ಲ. ಅದರದ್ದು ನಾನು ಹೆಂಗೆ ಹೇಳಲಿ?"

ತಡೆಯಲಾರದೆ ಬುತ್ತಿ ಬಿಚ್ಚಿ, ಹುರಿದ ಮೀನಿನ ಎರಡು ತುಂಡುಗಳಲ್ಲಿ ಒಂದನ್ನು ಅದರತ್ತ ಎಸೆದೆನು. ಬೆಕ್ಕು ಬೆಚ್ಚಿ ಹಿಂದೆ ಸರಿಯಿತು, ಬಂದು ಮೂಸಿತು, ಕಚ್ಚಿಕೊಂಡು ಜೊಂಡಿನೊಳಗೆ ಹೋಯಿತು.

"ನಾನೂ ಹಸಿದಿದೀನಿ," ಎಂದರು ಅಜ್ಜ. ನಾನು ತಿರುಗಿ ನೋಡದೆ ಓಡಿದೆನು. ಬುತ್ತಿ ಬಾಗಿಲೊಳಗೆ ಹೋದ ಮೇಲೆಯೇ ಸೈರನ್ ಕೂಗಿತು.

ಸಂಜೆ ಮೇಸ್ತ್ರಿಯವರು, "ಒಂದೇ ತುಂಡು ಇತ್ತಲ್ಲಮ್ಮ?" ಎಂದರು.

"ಬೆಕ್ಕಿಗೆ ಕೊಟ್ಟೆ," ಎಂದೆನು.

"ಎಲ್ಲ ಅಡುಗೆಯವರಿಗೂ ಒಂದು ಬೆಕ್ಕಿರತ್ತೆ," ಎಂದು ನಕ್ಕರು.

ಹಿಂದೆ ಹಾಲು ಉಕ್ಕಿ ಹೋದಾಗಲೆಲ್ಲ ಬೆಕ್ಕು ಕುಡಿಯಿತೆಂದು ನಾನು ಹೇಳುತ್ತಿದ್ದುದುಂಟು. ಆಗೆಲ್ಲ ಅವರು ನಂಬಿದ್ದರು.