ಜರಿ ಸುತ್ತಿದ ಆಂಟೆನಾ

ಈಗಷ್ಟೇ ನಿಮ್ಮ ಮನೆ ಮೇಲೆ ಒಂದು ವಿಮಾನ ಗುಂಯ್‌ಗುಟ್ಟುತ್ತ ಹೋಯಿತಲ್ಲ, ಅದು ಯಾವ ಊರಿಂದ ಯಾವ ಊರಿಗೆ ಹೊರಟಿತ್ತು, ಹೇಳಿ ನೋಡೋಣ? ಗೊತ್ತಿಲ್ಲವೇ? ಜಮಖಂಡಿಯ ನಮ್ಮ ಮನೆಗೆ ಬನ್ನಿ, ಚಹಾ ಕೊಟ್ಟು ಹೇಳುತ್ತೇವೆ.

ವಿಮಾನಗಳು ತಾವೆಲ್ಲಿದ್ದೇವೆ ಎಂದು ಆಕಾಶದಲ್ಲಿ ಕೂಗಿಕೊಂಡೇ ಹೋಗುತ್ತವಂತೆ. ಆ ಕೂಗು ನಮ್ಮ ಕಿವಿಗೆ ಕೇಳುವುದಿಲ್ಲ. ಅದನ್ನು ಹಿಡಿಯಲು ನಮ್ಮ ಮಾಳಿಗೆಯಲ್ಲಿ ನೀರಿನ ಟಾಕಿಯ ಪಕ್ಕ ಒಂದು ಬಿಳಿ ಕೋಲು, ಅಂದರೆ ಆಂಟೆನಾ ಇದೆ. ಕೆಳಗೆ ಪಡಸಾಲೆಯಲ್ಲಿ ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ. ಇಂಥವನ್ನು ಜನ ಹವ್ಯಾಸಕ್ಕೆಂದು ಊರೂರಲ್ಲಿ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಎಲ್ಲ ಮನೆಗಳ ಪೆಟ್ಟಿಗೆಗಳೂ ಕೂಡಿ ಒಂದು ನಕಾಶೆ ಆಗುತ್ತದೆ. ಅದರಲ್ಲಿ ನಮ್ಮ ಸೀಮೆ ಮಾತ್ರ ಬೋಳುತಲೆಯ ಹಾಗೆ ಖಾಲಿ ಇತ್ತಂತೆ. ಆ ನಕಾಶೆ ನಡೆಸುವ ಹವ್ಯಾಸಿ ಗುಂಪಿನವರು ನಮ್ಮ ಮನೆಯವರಿಗೆ ಒಂದು ತಿಂಗಳ ಪರೀಕ್ಷೆಗೆಂದು ಪೆಟ್ಟಿಗೆ ಕಳಿಸಿದರು. ಇಲ್ಲಿ ಸರಿಯಾಗಿ ನಡೆಯದಿದ್ದರೆ ಬೀಳಗಿಯ ಒಬ್ಬ ಮಾಸ್ತರರಿಗೆ ಕೊಡುವುದೆಂದು ಮೊದಲೇ ಮಾತಾಗಿತ್ತು.

ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಬಂತು, ಯಾವುದು ಹೋಯಿತು ಎಂದು ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತರಾದರು. ಆಮೇಲೆ ಕೂಗಲು ಏನೂ ಇಲ್ಲದೆ ಮಂಕಾಗಿ ಕೂತಿದ್ದರು. ಪೆಟ್ಟಿಗೆ ಬಂದದ್ದೇ ತಡ, ಗಂಟಲು ತೆರೆಯಿತು. ಫೋನಿನಲ್ಲಿ ನಕಾಶೆ ನೋಡುತ್ತ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದರು: "ಹೈದರಾಬಾದದಿಂದ ಗೋವಾಕ್ಕ ಹೋಗೂದು ಬಂತ್ರಪೋ!"

ಎದುರುಮನೆಯವಳು ಕಸ ಗುಡಿಸುತ್ತ ಕೇಳುವಳು: "ಅಜ್ಜಾರ, ಇದು ಮುಧೋಳಕ್ಕ ನಿಂದರತೈತೇನ್ರಿ?"

"ಇಲ್ಲವಾ, ನಾನ್‌ಸ್ಟಾಪ್ ಐತಿ. ಹಿಂದಿನ ಗಾಡಿ ನೋಡ!"

ಮೂರನೆಯ ವಾರದಲ್ಲಿ ವಿಮಾನಗಳು ಕಾಣೆಯಾದವು. ನಕಾಶೆಯ ತುಂಬ ಹಾರಾಡುತ್ತಿದ್ದವುಗಳಲ್ಲಿ ಒಂದೋ ಎರಡೋ ಉಳಿದವು. ಇವರು ವೈರು ಅಲ್ಲಾಡಿಸಿದರು, ಪ್ಲಗ್ಗು ಕಿತ್ತು ಹಾಕಿದರು, ಮೋಡವಿಲ್ಲದ ಆಕಾಶಕ್ಕೆ ಬೈದರು. ಮೊಣಕಾಲು ನೋವಿನಿಂದ ಮಾಳಿಗೆ ಹತ್ತಲು ಮಾತ್ರ ಆಗಲಿಲ್ಲ. ನಾಲ್ಕು ದಿನ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

"ಮಾಳಿಗಿ ಮ್ಯಾಲೆ ಏನರ ಮಾಡೀಯೇನಲೇ?"

"ನಾ ಏನ್ ಮಾಡ್ಲಿರಿ? ನಿಮ್ಮ ವಿಮಾನ ಸೆರಗಿನ್ಯಾಗ ಕಟ್ಕೊಂಡು ಕುಂತೇನೇನು?"

ಅಷ್ಟರಲ್ಲಿ ಗುಂಪಿನವರ ಪರವಾಗಿ ಬೆಳಗಾವಿಯ ಒಬ್ಬ ಹುಡುಗಿಯ ಸಂದೇಶ ಬಂತು. ಆಂಟೆನಾದ ಫೋಟೋ ಕಳಿಸಿ, ನಾಳೆಯೊಳಗೆ ಸರಿಹೋಗದಿದ್ದರೆ ಪೆಟ್ಟಿಗೆ ಬೀಳಗಿಗೆ ಹೋಗಲಿ ಎಂದು. ಇವರ ಮುಖ ಸಣ್ಣದಾಯಿತು. ನಾನು ಆಗಷ್ಟೇ ಫೋನಿನಲ್ಲಿ ಟೈಪು ಮಾಡಲು ಕಲಿತಿದ್ದೆ. ಕೊಡಿ ಇಲ್ಲಿ ಎಂದು ಫೋನು ಕಸಿದುಕೊಂಡು ಮಾಳಿಗೆ ಹತ್ತಿದೆ, ಫೋಟೋ ತೆಗೆದು, ನಾನು ಅವರ ಹೆಂಡತಿ ಎಂದೂ ಬರೆದು ಕಳಿಸಿದೆ.

ಹುಡುಗಿ ಕೇಳಿದಳು: "ಕೋಲಿಗೆ ಏನೋ ಹೊಳೀತಾ ಇದೆಯಲ್ಲ, ಏನದು?"

ಆಗ ನನಗೆ ನೆನಪಾಯಿತು. ನಾಲ್ಕು ದಿನದ ಹಿಂದೆ ಮಾಳಿಗೆಯಲ್ಲಿ ಶಾವಿಗೆ ಒಣಹಾಕಿದ್ದೆ. ಗುಬ್ಬಿಗಳ ಕಾಟ. ನನ್ನ ತವರು ರಬಕವಿಯ ನೇಕಾರರ ಮನೆ. ಅಲ್ಲಿ ಅವ್ವ ಶಾವಿಗೆಯ ಸುತ್ತ ಮಗ್ಗದಲ್ಲಿ ಉಳಿದ ಜರಿ ಕಟ್ಟುತ್ತಿದ್ದಳು, ಅದರ ಮಿಣಮಿಣಕ್ಕೆ ಗುಬ್ಬಿ ಹತ್ತಿರ ಸುಳಿಯುತ್ತಿರಲಿಲ್ಲ. ಟ್ರಂಕಿನಲ್ಲಿ ಅದೇ ಹಳೇ ಜರಿಯ ಒಂದು ಉಂಡೆ ಇತ್ತು. ಎತ್ತರದಲ್ಲಿದ್ದರೆ ಚೆನ್ನಾಗಿ ಹೊಳೆಯುತ್ತದೆ ಎಂದು ಆ ಬಿಳಿ ಕೋಲಿಗೇ ಹತ್ತು ಸುತ್ತು ಬಿಗಿದು, ಅಲ್ಲಿಂದ ಶಾವಿಗೆಯ ಸುತ್ತ ಎಳೆದು ಕಟ್ಟಿದ್ದೆ.

ಒಂದೊಂದೇ ಅಕ್ಷರ ಹುಡುಕಿ ಉತ್ತರ ಒತ್ತಿದೆ. ಜರಿ ಎನ್ನಲು ಹೋಗಿ "ಝರಿ" ಆಯಿತು.

"ಝರಿನಾ? ಟಾಕಿ ಸೋರ್ತಿದೆಯಾ ಅಜ್ಜಿ?"

"ನೀರಲ್ಲವಾ. ಸೀರಿ ಜರಿ. ಒಳಗ ತಾಮ್ರದ ಎಳಿ. ಗುಬ್ಬಿ ಓಡಿಸಾಕ ಸುತ್ತೇನಿ."

ಕೂಡಲೇ ಉತ್ತರ ಬಂತು: "ಅಯ್ಯೋ ಅಜ್ಜಿ, ತಾಮ್ರ ಸುತ್ತಿದರೆ ವಿಮಾನದ ಕೂಗು ಕೋಲಿಗೆ ಸಿಗಲ್ಲ. ಗುಬ್ಬಿ ಜೊತೆ ವಿಮಾನಾನೂ ಓಡಿಸಿಬಿಟ್ಟಿದ್ದೀರಿ. ಮೊದಲು ಬಿಚ್ಚಿ!"

ಬಿಚ್ಚಿದೆ, ಜರಿಯ ಆ ಮಾತುಗಳನ್ನೂ ಫೋನಿನಿಂದ ಅಳಿಸಿದೆ. ಕೊನೆಯ ಸುತ್ತು ಕಳಚಿ ಸ್ವಲ್ಪ ಹೊತ್ತಿಗೆಲ್ಲ ನಕಾಶೆಯ ಮೇಲೆ ವಿಮಾನಗಳು ಒಂದೊಂದಾಗಿ ಮೂಡತೊಡಗಿದವು. ಸಂಜೆಗೆ ಹುಡುಗಿ ಬರೆದಳು: ಈಗ ಛಲೋ ಬರುತ್ತಿದೆ, ಪೆಟ್ಟಿಗೆ ನಿಮ್ಮಲ್ಲೇ ಇರಲಿ.

ಇವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ತಾವು ಪ್ಲಗ್ಗು ಕಿತ್ತು ಹಾಕಿದ್ದರಿಂದಲೇ ಸರಿಹೋಯಿತೆಂದು ಎದುರುಮನೆಯವಳಿಗೂ ಹೇಳಿ ಬಂದರು. ಇರಲಿ ಬಿಡು ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಅರ್ಧ ತಿಂದು ಎದ್ದ ಆ ನಾಲ್ಕು ದಿನಗಳ ಮುಖ ಕಣ್ಣ ಮುಂದೆ ಬಂತು. ತಾಟು ಎತ್ತುತ್ತ ಅಂದೆ:

"ಬೈಬ್ಯಾಡ್ರಿ ಮತ್ತ. ಆಂಟೆನಾಕ್ಕ ಜರಿ ಸುತ್ತಿದಾಕಿ ನಾನ. ನಂದ ತಪ್ಪಾತು."

ಅವರು ಕೆಂಗಣ್ಣು ಬಿಡುತ್ತಾರೆಂದುಕೊಂಡರೆ, ಅವಸರದಿಂದ ಫೋನು ಎತ್ತಿ ನನ್ನ ಬಾಯಿಯ ಮುಂದೆ ಹಿಡಿದರು.

"ತಡಿ ತಡಿ! ಲಗ್ನ ಆದಾಗಿಂದ ಈ ಮಾತು ನಿನ್ನ ಬಾಯಾಗ ಬಂದಿದ್ದಿಲ್ಲ. ಇನ್ನೊಮ್ಮೆ ಅನ್ನು, ರೆಕಾರ್ಡ್ ಮಾಡ್ಕೋತೇನಿ!"