ಸದ್ದಣ್ಣನ ಮನೆಯವರು ಮಾಡಿದ ಗಲಾಟೆ

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಸದ್ದಣ್ಣ ಎಂದೇ ಕರೆಯುತ್ತಿದ್ದರು. ಪ್ರತಿ ಭಾನುವಾರ ಟಿವಿಯಲ್ಲಿ ಬರುವ ‘ಎಡವಟ್ಟು ಮನೆ’ ಎಂಬ ಕಾರ್ಟೂನಿಗೆ ಸದ್ದು ಕೂಡಿಸುವುದು ಅವನ ಕೆಲಸ. ಬರೆದ ಬೊಂಬೆಗಳು ಪರದೆಯ ಮೇಲೆ ಎಷ್ಟೇ ಕುಣಿದರೂ ಅವುಗಳ ಹೆಜ್ಜೆಗೆ ಸಪ್ಪಳವಿರುವುದಿಲ್ಲ. ಅದನ್ನು ಯಾರಾದರೂ ಮೈಕಿನ ಮುಂದೆ ನಿಂತು ಮಾಡಿಕೊಡಬೇಕು.

ಆ ಎಡವಟ್ಟು ಮನೆಯಲ್ಲಿ ನಾಲ್ಕು ಜನ. ಬೆಂಕಿ ಆರಿಸುವ ಯಂತ್ರ ಮಾರುತ್ತ ಹೋದಲ್ಲೆಲ್ಲ ಬೆಂಕಿ ಹಚ್ಚಿ ಬರುವ ಅಪ್ಪ, ಬಾಯಿಗಿಂತ ಮೊದಲು ಪಾತ್ರೆಯಲ್ಲಿ ಮಾತಾಡುವ ಅಮ್ಮ, ತನ್ನ ಹಲ್ಲಿನ ಸೆಟ್ಟನ್ನು ಕಂಡವರ ಬೂಟಿನಲ್ಲಿ ಬಚ್ಚಿಡುವ ತಾತ, ಏನು ಕೇಳಿದರೂ ಬಾಗಿಲು ಬಡಿದು ಉತ್ತರ ಕೊಡುವ ಮಗಳು. ಇವರೆಲ್ಲರ ಸಪ್ಪಳಕ್ಕೂ ಸದ್ದಣ್ಣನೊಬ್ಬನೇ ದಿಕ್ಕು. ಗಿರಿಜಾ ಮೀಸೆಯ ಆ ದಡೂತಿ ಮನುಷ್ಯ ಹೆಂಗಸರ ಎತ್ತರ ಹಿಮ್ಮಡಿಯ ಚಪ್ಪಲಿ ಮೆಟ್ಟಿ ಟಕಟಕ ನಡೆದರೆ ಅಮ್ಮ ಬಂದಳು. ಎಲೆಕೋಸು ಲಟಕ್ಕನೆ ಮುರಿದರೆ ಅಪ್ಪನ ಸೊಂಟ ಹೋಯಿತು. ಮದುವೆಯಾದ ಹೊಸದರಲ್ಲಿ ಗಂಡನ ಚೀಲದಲ್ಲಿ ಆ ಚಪ್ಪಲಿ ಕಂಡು ಹೆಂಡತಿ ಊಟ ಬಿಟ್ಟು ಕೂತಿದ್ದಳು. ಆಗ ಅವನು ಅದನ್ನು ಹಾಕಿಕೊಂಡು ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದು ತೋರಿಸಬೇಕಾಯಿತು. ಅವಳು ನಕ್ಕು ನಕ್ಕು ಸುಸ್ತಾಗಿ ಊಟಕ್ಕೆ ಎದ್ದಳು.

ಇಷ್ಟೆಲ್ಲ ಗದ್ದಲ ಮಾಡಿ ಬದುಕುವ ಸದ್ದಣ್ಣನಿಗೆ ಒಂದು ಹೆಮ್ಮೆಯಿತ್ತು. “ನಮ್ಮನೇಲಿ ಜಗಳ ಅನ್ನೋದೇ ಇಲ್ಲ” ಎಂದು ಕಾಫಿ ಕುಡಿಯುವಾಗಲೆಲ್ಲ ಹೇಳುತ್ತಿದ್ದ. ಸುಳ್ಳೇನಲ್ಲ. ಜಗಳವಾಡಲು ಮೊದಲು ಮಾತಾಡಬೇಕಲ್ಲ! ಅವನ ಅಮ್ಮನಿಗೂ ಹೆಂಡತಿಗೂ ನೇರ ಮಾತು ನಿಂತು ಎಷ್ಟೋ ವರ್ಷವಾಗಿತ್ತು.

“ನಿನ್ನ ಹೆಂಡ್ತಿಗೆ ಹೇಳು, ಕಿಟಕಿ ಹಾಕ್ಲಿ.”

“ನಿಮ್ಮಮ್ಮಂಗೆ ಹೇಳಿ, ಕಿಟಕಿ ಹಾಕೇ ಇದೆ.”

ಮೂವರೂ ಕೂತಿರುವುದು ಒಂದೇ ಸೋಫಾದ ಮೇಲೆ. ಅಂಚೆ ಕಚೇರಿಯಿಂದ ನಿವೃತ್ತರಾದ ಅಪ್ಪ ಪಕ್ಕದ ಕುರ್ಚಿಯಲ್ಲಿ ಪೇಪರಿನ ಹಿಂದಿನಿಂದ “ಹೂಂ” ಎನ್ನುತ್ತಿದ್ದರು. ಅವರ ಬಾಯಿಂದ ಬೇರೆ ಅಕ್ಷರ ಬಂದದ್ದನ್ನು ಕೇಳಿದವರು ಅಪರೂಪ. ಸದ್ದಣ್ಣ ಇದನ್ನೇ ನೆಮ್ಮದಿ ಎಂದುಕೊಂಡಿದ್ದ.

ಒಮ್ಮೆ ಕಾರ್ಟೂನಿನಲ್ಲಿ ಊಟದ ಮೇಜಿನ ಮೇಲೆ ದೊಡ್ಡ ಜಗಳ ಬಂತು. ಸದ್ದಣ್ಣ ತಟ್ಟೆ ಬಡಿದ, ಕುರ್ಚಿ ಎಳೆದ, ನಾಲ್ಕು ಗಂಟಲಲ್ಲಿ ಗೊಣಗಿದ. ಗಾಜಿನ ಆಚೆ ಕೂತಿದ್ದ ನಿರ್ದೇಶಕಿ ತಲೆ ಆಡಿಸಿದಳು. “ಅಣ್ಣಾ, ಒಬ್ಬನೇ ಮನುಷ್ಯ ತನ್ನ ಜೊತೆ ತಾನೇ ಜಗಳ ಆಡ್ತಿರೋ ಹಾಗಿದೆ. ಮಾತು ಅರ್ಥ ಆಗೋದು ಬೇಡ, ಮನೆಮಂದಿ ಗಲಾಟೆ ಬೇಕು.”

ಗುಂಪಿನ ದನಿ ಕೊಡುವವರೆಲ್ಲ ಜ್ವರ ಬಂದು ಮಲಗಿದ್ದರು. “ನಮ್ಮನೆಯವರನ್ನೇ ಕರ್ಕೊಂಡ್ಬರ್ತೀನಿ” ಎಂದುಬಿಟ್ಟ ಸದ್ದಣ್ಣ.

ಮಾರನೆಯ ದಿನ ಅಪ್ಪ, ಅಮ್ಮ, ಹೆಂಡತಿ ಮೂವರೂ ಮದುವೆಗೆ ಹೊರಟವರಂತೆ ಉಟ್ಟುತೊಟ್ಟು ಬಂದು ಮೈಕಿನ ಮುಂದೆ ನಿಂತರು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಅಮ್ಮ ಚಮಚದಿಂದ ತಟ್ಟೆಯನ್ನು ಮೆಲ್ಲಗೆ ಮುಟ್ಟಿ, “ನಾನು ಸಿಟ್ಟಾಗಿದೀನಿ” ಎಂದಳು. ಹೆಂಡತಿ, “ನಾನೂ” ಎಂದಳು. ಅಪ್ಪ, “ಹೂಂ.”

ನಿರ್ದೇಶಕಿ ಹಣೆ ಹಿಡಿದುಕೊಂಡಳು. ಸದ್ದಣ್ಣನಿಗೆ ಅವಮಾನವಾಯಿತು. ತಟ್ಟೆಯ ಸದ್ದು ಸಾಲದೇನೋ ಎಂದು, ಗುಡುಗಿನ ಸದ್ದಿಗೆಂದು ಗೋಡೆಗೆ ನೇತು ಹಾಕಿದ್ದ ತಾಮ್ರದ ಮುಚ್ಚಳ ತೆಗೆದು ಹೆಂಡತಿಯ ಕೈಗೆ ಕೊಟ್ಟ. “ಇದನ್ನ ಬಿಸಾಕು.”

ಅಮ್ಮನ ಕಣ್ಣು ಮುಚ್ಚಳದ ಮೇಲೆ ನೆಟ್ಟಿತು. “ಕೊಡಿಲ್ಲಿ! ಇದು ನಮ್ಮಮ್ಮ ಕೊಟ್ಟ ಹಂಡೆ ಮುಚ್ಚಳ. ನಾನು ಇದು ನಿನ್ನ ತವರಿಗೆ ಹೋಗಿದೆ ಅಂದ್ಕೊಂಡಿದ್ದೆ.”

ಅವಳು ಸೊಸೆಯೊಂದಿಗೆ ನೇರವಾಗಿ ಮಾತಾಡಿದ್ದಳು. ಅದನ್ನು ಗಮನಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

“ಅಂದ್ರೆ ನಾನು ಕದ್ದೆ ಅಂತ ಮಾತು ಬಿಟ್ರಾ ಅತ್ತೆ?”

“ಕದ್ದೆ ಅಂತ ನಾನ್ಯಾವತ್ತು ಅಂದೆ?”

“ಅನ್ನಲಿಲ್ಲ, ಅದೇ ತಾನೆ ಸಂಕಟ! ಅಂದಿದ್ರೆ ಅವತ್ತೇ ಮುಗೀತಿತ್ತು!” ಎಂದು ಹೆಂಡತಿ ಮುಚ್ಚಳವನ್ನು ಮೇಜಿಗೆ ಅಪ್ಪಳಿಸಿದಳು. ಆ ಏಟಿಗೆ ಗೋಡೆಯ ಮೊಳೆಯಿಂದ ಒಂದು ಬೀಗದ ಕೈ ಗೊಂಚಲು ಝಲ್ಲೆಂದು ಬಿತ್ತು. ಕಾರ್ಟೂನಿನಲ್ಲಿ ಜೈಲು ಬಂದಾಗಲೆಲ್ಲ ಸದ್ದಣ್ಣ ಅಲ್ಲಾಡಿಸುತ್ತಿದ್ದದ್ದು ಅದನ್ನೇ.

ಅವಳು ಎತ್ತಿ ನೋಡಿದಳು. “ಇದು ನನ್ನ ಟ್ರಂಕಿನ ಬೀಗದ ಕೈ! ನೀವು ಬಚ್ಚಿಟ್ಟಿದೀರಿ ಅಂತ ನಾನು ಬೀಗ ಒಡೆಸಿದ್ದೆ ಅತ್ತೆ!”

“ನಾನ್ಯಾಕೆ ಬಚ್ಚಿಡ್ಲಿ? ನಿನ್ನ ಟ್ರಂಕಲ್ಲಿ ಏನು ನಿಧಿ ಇತ್ತಾ?”

ಇಬ್ಬರೂ ಒಂದೇ ಸಲ ತಿರುಗಿ ಸದ್ದಣ್ಣನನ್ನು ನೋಡಿದರು. ಅವನು ಮೆಲ್ಲಗೆ ಹಿಂದೆ ಸರಿದ. ಅಷ್ಟರಲ್ಲಿ ಮೂಲೆಯಿಂದ ಗುಡುಗಿನಂಥ ದನಿ ಬಂತು.

“ನನ್ನ ಕೊಡೆ!”

ಅಪ್ಪ! ಅವರ ಕೈಯಲ್ಲಿ ಕಡ್ಡಿ ಮುರಿದ ಕಪ್ಪು ಕೊಡೆಯಿತ್ತು. ಹದ್ದು ಹಾರುವಾಗ ಸದ್ದಣ್ಣ ಪಟಪಟ ಬಿಚ್ಚಿ ಮುಚ್ಚುತ್ತಿದ್ದ ಕೊಡೆ. “ಎದುರು ಮನೆಯವನು ಹೊಡ್ಕೊಂಡ ಅಂತ ಅವನ ಮುಖ ನೋಡೋದು ಬಿಟ್ಟಿದೀನಲ್ಲೋ, ಕತ್ತೆ! ಪಾಪದವನು ನಂಗೂ ಅಂತ ಬಿಸಿ ಟೀ ಹಿಡ್ಕೊಂಡು ಗೇಟ್ ಹತ್ರ ನಿಂತ್ಕೋತಿದ್ದ!”

ಆಮೇಲೆ ನಡೆದದ್ದನ್ನು ಬಿಡಿಸಿ ಹೇಳಲಾಗದು. ಕುರ್ಚಿ ಬಿತ್ತು, ತಟ್ಟೆ ಉರುಳಿತು, ಮೂರು ದನಿಗಳು ಒಂದರ ಮೇಲೊಂದು ಹತ್ತಿ ಕೂತವು. ಸದ್ದಣ್ಣ “ಕೆಲಸಕ್ಕೆ ಬೇಕಿತ್ತು, ಕೇಳೋಣ ಅಂತಿದ್ದೆ, ಮರ್ತೋಯ್ತು” ಎಂದದ್ದು ಅವನ ಕಿವಿಗೇ ಕೇಳಿಸಲಿಲ್ಲ. ಅತ್ತೆ ಶುರು ಮಾಡಿದ ಬೈಗುಳವನ್ನು ಸೊಸೆ ಮುಗಿಸುತ್ತಿದ್ದಳು.

ಗಾಜಿನ ಆಚೆ ನಿರ್ದೇಶಕಿ ಕುರ್ಚಿಯಿಂದ ಎದ್ದು ನಿಂತಿದ್ದಳು. ದೀಪ ಇನ್ನೂ ಕೆಂಪಗಿತ್ತು.

ವಾಪಸ್ ಹೋಗುವಾಗ ಬಸ್ಸಿನಲ್ಲಿ ಅತ್ತೆ ಸೊಸೆ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಇವನ ಸೋಮಾರಿತನ, ಗೊರಕೆ, ಒದ್ದೆ ಟವೆಲು ಹಾಸಿಗೆ ಮೇಲೆ ಎಸೆಯುವ ಚಾಳಿ, ಒಂದೂ ಬಿಡದೆ ಮಾತಾಡಿದರು. ಹಿಂದೆ ನಿಂತಿದ್ದ ಸದ್ದಣ್ಣನ ಕಿವಿ ಬಿಸಿಯಾಯಿತು. ಆದರೂ ಒಳಗೊಳಗೇ ಏನೋ ಹಗುರವಾದಂತಾಗಿ, ಇಳಿಯುವ ನಿಲ್ದಾಣ ಬಂದದ್ದೇ ತಿಳಿಯಲಿಲ್ಲ. ಅಪ್ಪ ಮಾತ್ರ ಮನೆಗೆ ಬರಲಿಲ್ಲ. ನೇರ ಎದುರು ಮನೆಯ ಬಾಗಿಲು ತಟ್ಟಲು ಹೋದರು.

ಭಾನುವಾರ ನಾಲ್ವರೂ ಟಿವಿ ಮುಂದೆ ಕೂತರು. ಬೊಂಬೆಗಳ ಮೇಜು ಉರುಳಿತು, ಗದ್ದಲ ಮುಗಿಲು ಮುಟ್ಟಿತು. ಅಮ್ಮ ಬಾಯಿಗೆ ಕೈಯಿಟ್ಟು, “ಥೂ, ಇಂಥ ಮನೇಲಿ ಜನ ಹೇಗಪ್ಪಾ ಬದುಕ್ತಾರೆ?” ಎಂದಳು.

“ಅತ್ತೆ, ಅದು ನಾವು” ಎಂದಳು ಸೊಸೆ.

“ನಾವಾ? ನನ್ನ ದನಿ ಇಷ್ಟು ಕೀರಲಾ?”

“ಇದಕ್ಕಿಂತ ಕೀರಲು.”

ಅಮ್ಮ ಅವಳ ತೋಳಿಗೆ ಒಂದು ಏಟು ಕೊಟ್ಟು ನಕ್ಕಳು. ಅಪ್ಪ ಪೇಪರು ಮಡಚಿಟ್ಟು, “ಸುಮ್ನಿರ್ರಮ್ಮಾ, ಈಗ ನಂದು ಬರುತ್ತೆ” ಎಂದು ರಿಮೋಟು ಕೈಗೆತ್ತಿಕೊಂಡು ಸದ್ದು ಏರಿಸಿದರು.