ಒಂದು ಪಾಯಿಂಟಿನ ಜಗಳ

ನಿನ್ನೆ ಮನೆಗೆ ಹೊಸ ಥ್ರೋಬಾಲ್ ಚೆಂಡು ಬಂತು. ಕರೋಲ್ ಬಾಗಿನ ಅಂಗಡಿಯವನು ಸುತ್ತಿಕೊಟ್ಟ ಪ್ಲಾಸ್ಟಿಕ್ ಬಿಚ್ಚಿದ್ದೇ ತಡ, ಹೊಸ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಐವತ್ತು ದಾಟಿದ ಹೆಂಗಸು ನಾನು, ಸರ್ಕಾರಿ ಕಚೇರಿಯಲ್ಲಿ ಫೈಲುಗಳಿಗೆ ಟಿಪ್ಪಣಿ ಬರೆಯುವವಳು, ಚೆಂಡನ್ನು ಮೂಸುತ್ತ ಕೂತಿದ್ದನ್ನು ನೋಡಿದ್ದರೆ ನೀವು ನಕ್ಕುಬಿಡುತ್ತಿದ್ದಿರಿ. ನಗಿ, ಅಡ್ಡಿಯಿಲ್ಲ.

ದೆಹಲಿಯವರಿಗೆ ಈ ಆಟ ಅಷ್ಟಾಗಿ ಗೊತ್ತಿಲ್ಲ. “ಯೇ ವಾಲಿಬಾಲ್ ಹೈ ಕ್ಯಾ?” ಎಂದು ಕೇಳುತ್ತಾರೆ. ಅಲ್ಲ ಸ್ವಾಮಿ! ಇಲ್ಲಿ ಚೆಂಡನ್ನು ಹೊಡೆಯುವಂತಿಲ್ಲ. ಎರಡೂ ಕೈಯಲ್ಲಿ ಹಿಡಿದು, ಒಂದೇ ಕೈಯಲ್ಲಿ ನೆಟ್ಟಿನಾಚೆ ಎಸೆಯಬೇಕು. ಹಿಡಿಯುವಾಗ ಮೈಗೆ ತಗುಲಿದರೆ ‘ಬಾಡಿ ಟಚ್’, ಪಾಯಿಂಟು ಎದುರಿನವರಿಗೆ. ಕರ್ನಾಟಕದ ಶಾಲೆಗಳಲ್ಲಿ ಇದನ್ನು ಆಡಿ ಬೆಳೆದ ನಾವು ಕೆಲವರು ಮಯೂರ್ ವಿಹಾರಿನ ನಮ್ಮ ಸೊಸೈಟಿಯ ಪಾರ್ಕಿನಲ್ಲಿ, ಚಳಿಗಾಲದ ಹೊಗೆ ಸ್ವಲ್ಪ ತಿಳಿಯಾದ ಭಾನುವಾರಗಳಂದು, ಸ್ವೆಟರಿನ ಮೇಲೆ ದುಪಟ್ಟಾ ಬಿಗಿದು ಆಡುತ್ತಿದ್ದೆವು.

ಹೀಗಿರುವಾಗ ನನ್ನ ಕರುಳು ಕೈಕೊಟ್ಟಿತು. ವೈದ್ಯರು ಕೆಟ್ಟ ಭಾಗ ತೆಗೆದು, ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿಟ್ಟು, ಅಲ್ಲೊಂದು ಚೀಲ ಅಂಟಿಸಿದರು. ಆ ತೆರಪಿಗೆ ಸ್ಟೋಮಾ ಎನ್ನುತ್ತಾರೆ. ಮಲವೆಲ್ಲ ಆ ಚೀಲಕ್ಕೇ. ಗೆಳತಿಯರಿಗೆ ‘ಹೊಟ್ಟೆ ಆಪರೇಷನ್’ ಎಂದಷ್ಟೇ ಹೇಳಿ ಮಾತು ತೇಲಿಸಿದ್ದೆ. ಇನ್ನು ಆಡಬಹುದು ಎಂದು ವೈದ್ಯರು ಒಪ್ಪಿ, ಚೀಲದ ಮೇಲೆ ಕಟ್ಟಿಕೊಳ್ಳಲು ಬೆಲ್ಟು ಕೊಡಿಸಿದ ಮೇಲೂ ಎಷ್ಟೋ ಭಾನುವಾರ ಬಾಲ್ಕನಿಯಲ್ಲೇ ನಿಂತು ನೋಡಿದೆ. ಚೆಂಡು ಬಡಿದು ಚೀಲ ಕಿತ್ತುಬಂದರೆ? ಎಲ್ಲರೆದುರು ವಾಸನೆ ಬಂದರೆ? ಆಟ ಬಿಟ್ಟ ದುಃಖಕ್ಕಿಂತ ಆ ಅವಮಾನದ ಭಯವೇ ದೊಡ್ಡದಾಗಿತ್ತು.

ಕೊನೆಗೊಂದು ದಿನ ಅಂಗಳಕ್ಕೆ ಇಳಿದೇಬಿಟ್ಟೆ. ಆದರೆ ಯಾರೂ ನನ್ನತ್ತ ಚೆಂಡನ್ನೇ ಎಸೆಯಲೊಲ್ಲರು! ಎಸೆದರೂ ಮಗುವಿನ ಕೈಗೆ ಲಡ್ಡು ಕೊಟ್ಟಂತೆ. ಎದುರು ಕಡೆ ಆಡುತ್ತಿದ್ದ ಅನನ್ಯಾ, ದೆಹಲಿಯಲ್ಲೇ ಹುಟ್ಟಿ ಬೆಳೆದು ಈ ಆಟವನ್ನು ನಮ್ಮಿಂದ ಕಲಿತವಳು, “ಆಂಟಿ, ಆರಾಮ್ ಸೆ... ಜಾಸ್ತಿ ಓಡಬೇಡಿ, ಓಕೆ?” ಎಂದಾಗ ನನಗೆ ಪಿತ್ತ ನೆತ್ತಿಗೇರಿತು.

“ಚಲೋ, ಸರಿಯಾಗಿ ಎಸೆಯೇ! ತಿಂಡಿ ತಿಂದಿಲ್ವಾ?”

ಎಸೆದಳು ನೋಡಿ! ಹಿಡಿದೆ, ಆದರೆ ಕೈ ಜಾರಿ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡೆ. ಸೀಟಿ ಕೇಳಿಸಿತು. ನಮ್ಮ ಅಂಪೈರ್ ಶಕುಂತಲಕ್ಕ, ಹಿಂದೆ ಪಿ.ಟಿ. ಟೀಚರ್ ಆಗಿದ್ದವರು, ತೋಳೆತ್ತಿ ನಿಂತಿದ್ದರು. “ಬಾಡಿ ಟಚ್! ಪಾಯಿಂಟ್ ಆ ಕಡೆಗೆ.”

“ಅನ್ಯಾಯ ಅಕ್ಕಾ! ಮೈಗೆಲ್ಲಿ ತಗುಲ್ತು? ತಗುಲಿದ್ದು ನನ್ನ ಸ್ಟೋಮಾ ಚೀಲಕ್ಕೆ!”

ಮಾತು ಬಾಯಿಂದ ಬಿದ್ದ ಮೇಲೆ ಏನು ಹೇಳಿದೆನೆಂದು ಗೊತ್ತಾಯಿತು. ತಿಂಗಳುಗಟ್ಟಲೆ ಮುಚ್ಚಿಟ್ಟದ್ದನ್ನು ಒಂದು ಪಾಯಿಂಟಿನ ಆಸೆಗೆ ಇಡೀ ಪಾರ್ಕಿಗೆ ಸಾರಿದ್ದೆ. ಶಕುಂತಲಕ್ಕ ಹತ್ತಿರ ಬಂದು, “ಚೀಲ ಸರಿಯಾಗಿದೆಯೇನೇ?” ಎಂದು ಕೇಳಿದರು. ಮುಟ್ಟಿ ನೋಡಿಕೊಂಡೆ. ಬೆಲ್ಟಿನೊಳಗೆ ಭದ್ರವಾಗಿತ್ತು.

“ಸರಿಯಾಗಿದೆ ಅಕ್ಕ.”

“ಹಾಗಾದ್ರೆ ಕೇಳು. ನಿನ್ನ ಮೈಮೇಲಿದ್ಮೇಲೆ ಅದೂ ನಿನ್ನ ಮೈಯೇ. ಪಾಯಿಂಟ್ ಆ ಕಡೆಗೇ.”

ಮೊದಲು ನಕ್ಕವಳು ಅನನ್ಯಾ. ಆಮೇಲೆ ಎಲ್ಲರೂ. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎಷ್ಟು ಹಗುರವಾಯಿತೆಂದರೆ ಹೇಳತೀರದು. ಮುಂದಿನ ಚೆಂಡು ರಪ್ಪನೆ ನನ್ನತ್ತಲೇ ಬಂತು.

ಈಗ ಬೆಳಗ್ಗೆ ಚೀಲ ಬದಲಿಸುವಾಗ ಕನ್ನಡಿಯಿಂದ ಮುಖ ತಿರುಗಿಸುವುದಿಲ್ಲ. ಇದೂ ನಾನೇ ಎಂದು ನೋಡುತ್ತೇನೆ. ಅಕ್ಕನ ತೀರ್ಪನ್ನು ಪೂರ್ತಿ ಒಪ್ಪಿದ್ದೇನೆ. ಆ ಪಾಯಿಂಟು ಮಾತ್ರ ನನ್ನದೇ ಎಂದು ಪ್ರತಿ ಭಾನುವಾರವೂ ಜಗಳ ತೆಗೆಯುತ್ತೇನೆ.